ಕಲ್ಲಿನ ಜತೆ ಹೇಳದೆ ಬಂದ ಜೀವಿಗಳು

ಕೆರೆಯಿಂದ ಒಂದು ಹಿಡಿ ನೀರುಗಿಡ ಕಿತ್ತು ತಂದು ಗಾಜಿನ ತೊಟ್ಟಿಗೆ ಹಾಕಿ ಗಪ್ಪಿ ಮೀನು ಸಾಕಿದವರು ಶೀಳನೆರೆ, ಪಾಂಡವಪುರ, ನಾಗಮಂಗಲದ ಕಡೆ ಎಷ್ಟೋ ಮಂದಿ ಸಿಗುತ್ತಾರೆ. ಕೆರೆಗಳ ಸೀಮೆ, ಗಿಡಕ್ಕೆ ಕಾಸು ಕೊಡುವ ಅಗತ್ಯವೇ ಬೀಳುವುದಿಲ್ಲ. ಆದರೆ ಕೆಲವು ದಿನ ಕಳೆಯುವಷ್ಟರಲ್ಲಿ ಮರಿಮೀನುಗಳು ಒಂದೊಂದಾಗಿ ಕಾಣೆಯಾಗತೊಡಗುತ್ತವೆ. ಬೆಕ್ಕಿನ ಮೇಲೆ ಅನುಮಾನ, ನೀರಿನ ಮೇಲೆ ಅನುಮಾನ. ಕೊನೆಗೆ ಗಿಡದ ಬುಡದಲ್ಲಿ ಮಣ್ಣಿನ ಬಣ್ಣದ, ಆರು ಕಾಲಿನ ಹುಳುವೊಂದು ಸಿಗುತ್ತದೆ. ಅದು ಏರೋಪ್ಲೇನ್ ಚಿಟ್ಟೆಯ ಮರಿ. ಮಡಚಿಟ್ಟುಕೊಂಡ ಕೆಳದುಟಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದಕ್ಕೆ ಚಾಚಿ ಬೇಟೆಯನ್ನು ಹಿಡಿಯುವುದು ಅದರ ಕಸುಬು. ಗಿಡದ ಜತೆಯಲ್ಲೇ ಮೊಟ್ಟೆಯಾಗಿಯೋ ಮರಿಯಾಗಿಯೋ ಮನೆ ಸೇರಿರುತ್ತದೆ.

ಉಪ್ಪುನೀರಿನ ಅಕ್ವೇರಿಯಂ ಇಡುವವರ ಪಾಲಿಗೆ ಈ ಅನುಭವ ಇನ್ನೂ ದೊಡ್ಡದು. ಅಲ್ಲಿ ಬರುವುದು ಒಂದು ಹುಳುವಲ್ಲ, ಒಂದು ಊರೇ.

ಆ ಊರು ಇರುವುದು ‘ಲೈವ್ ರಾಕ್’ ಎಂದು ಕರೆಯುವ ಕಲ್ಲಿನಲ್ಲಿ. ಕಲ್ಲಿಗೆ ಜೀವವಿಲ್ಲ, ಅದು ಸತ್ತ ಹವಳದ ಸುಣ್ಣದ ಗೂಡು. ಮೈತುಂಬ ತೂತು, ಒಳಗೆಲ್ಲ ಸುರಂಗ. ಹೊರಮೈಯಲ್ಲಿ ನೇರಳೆ, ಗುಲಾಬಿ ಬಣ್ಣದ ಸುಣ್ಣದ ಪಾಚಿ. ತೂತುಗಳ ಒಳಗೋಡೆಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಇವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಭಾಗದ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕವಾಗಿಸಿ ಗಾಳಿಗೆ ಬಿಡುತ್ತವೆ. ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬಾತ ಕಡಲಿನ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ಉಪ್ಪುನೀರಿನ ತೊಟ್ಟಿ ನಡೆಸುವ ಬಗೆಯನ್ನು 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಈ ವಿದ್ಯೆ ಜಗತ್ತಿಗೆ ಹಬ್ಬಿತು. ಕಲ್ಲೇ ಫಿಲ್ಟರ್. ಫಿಲ್ಟರಿನೊಳಗೆ ಹುಳು, ಏಡಿ, ಸೀಗಡಿ, ಸ್ಪಂಜು, ಪುಟ್ಟ ಶಂಖುಗಳು ಮನೆ ಮಾಡಿಕೊಂಡಿರುತ್ತವೆ. ಹಗಲು ಹೆಚ್ಚಿನವು ಕಾಣುವುದಿಲ್ಲ.

ನಮ್ಮ ದೇಶದಲ್ಲಿ ಈ ಕಲ್ಲನ್ನು ಕಡಲಿನಿಂದ ಎತ್ತುವಂತಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಗಟ್ಟಿ ಹವಳ, ಕರಿ ಹವಳ, ಬೀಸಣಿಗೆ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿತು. ಕಾನೂನಿನ ಕಣ್ಣಿನಲ್ಲಿ ಹವಳಕ್ಕೂ ಹುಲಿಗೂ ಒಂದೇ ಸ್ಥಾನ. ಮೂರರಿಂದ ಏಳು ವರ್ಷದ ಜೈಲು, ಜತೆಗೆ ದಂಡ. ಕರ್ನಾಟಕದಲ್ಲಿ ಹವಳವೆಲ್ಲಿ ಎಂದು ಕೇಳುವವರಿಗೆ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವೇ ಉತ್ತರ. ಮಲ್ಪೆಯಿಂದ ಪಶ್ಚಿಮಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ, ನೀರಿನಡಿಯ ದಿಬ್ಬವೊಂದರ ಮೇಲೂ ಜೀವಂತ ಹವಳ ಇರುವುದನ್ನು 1970ರ ದಶಕದಲ್ಲಿ ‘ಗವೇಷಣಿ’ ಎಂಬ ಸಂಶೋಧನಾ ಹಡಗು ಕಂಡಿತು. ಆ ದಿಬ್ಬಕ್ಕೆ ಹಡಗಿನದೇ ಹೆಸರು. ಇಂಥ ಜಾಗದಿಂದ ಒಂದು ಬುಟ್ಟಿ ಕಲ್ಲು ಎತ್ತಿದರೂ ನೂರಾರು ಜೀವಿಗಳ ವಾಸ ಕಿತ್ತಂತೆ. ಸುಣ್ಣ, ಸಿಮೆಂಟು, ಸಿರಾಮಿಕ್‌ನಿಂದ ಮಾಡಿದ ಕಲ್ಲು ಬಳಸುವುದೇ ಸರಿಯಾದ ದಾರಿ. ಅದಕ್ಕೆ ಬ್ಯಾಕ್ಟೀರಿಯಾ ಕೂರಿಸಿದರೆ ಕೆಲವು ವಾರಗಳಲ್ಲಿ ಅದೂ ಕೆಲಸಕ್ಕೆ ಬರುತ್ತದೆ.

ಹಾಗೆಂದು ಅಪರಿಚಿತರು ಬರುವುದು ನಿಲ್ಲುವುದಿಲ್ಲ. ಪಾಚಿಯ ಎಳೆಯಲ್ಲಿ, ಕೊಂಡ ಶಂಖುವಿನ ಬೆನ್ನ ಮೇಲೆ, ಇನ್ನೊಬ್ಬರ ತೊಟ್ಟಿಯಿಂದ ತಂದ ಮರಳಿನಲ್ಲಿ ಬಂದೇ ಬರುತ್ತವೆ.

ಗುರುತು ಹಚ್ಚಬೇಕಾದರೆ ರಾತ್ರಿ ಕಾಯಬೇಕು. ದೀಪ ಆರಿಸಿ ಒಂದು ಗಂಟೆ ಕಳೆದ ಮೇಲೆ ಟಾರ್ಚಿನ ಮುಖಕ್ಕೆ ಕೆಂಪು ಕಾಗದ ಕಟ್ಟಿ ನೋಡಬೇಕು. ಈ ಜೀವಿಗಳಲ್ಲಿ ಬಹುಪಾಲಿಗೆ ಕೆಂಪು ಬೆಳಕು ಸರಿಯಾಗಿ ಕಾಣುವುದಿಲ್ಲ. ಆಗ ಕಲ್ಲಿನ ಸಂದಿನಿಂದ ಮೊದಲು ಹೊರಬರುವುದು ಸಾಮಾನ್ಯವಾಗಿ ಕೂದಲುಹುಳು. ಅಂಗಡಿಯವರ ಬಾಯಲ್ಲಿ ಬ್ರಿಸಲ್ ವರ್ಮ್. ಕಿತ್ತಳೆ ಇಲ್ಲವೆ ಕಂದು ಮೈ, ಉಂಗುರ ಉಂಗುರವಾಗಿ ಜೋಡಿಸಿದಂತಿರುವ ದೇಹ, ಪ್ರತಿ ಉಂಗುರದ ಎರಡೂ ಪಕ್ಕ ಗಾಜಿನ ಪುಡಿಯಂತೆ ಮಿನುಗುವ ಬಿಳಿ ಕೂದಲಿನ ಕುಚ್ಚು. ಕಂಬಳಿಹುಳು ತಾಗಿದಾಗ ಆಗುವಂತೆಯೇ ಇದನ್ನು ಬರಿಗೈಯಲ್ಲಿ ಮುಟ್ಟಿದರೂ ಆಗುತ್ತದೆ: ಕೂದಲು ಚರ್ಮದಲ್ಲಿ ಮುರಿದು ಕೂತು ಉರಿ, ನವೆ. ಅಂಟುಟೇಪು ಒತ್ತಿ ಎಳೆದರೆ ಕೂದಲು ಬರುತ್ತದೆ.

ನೋಡಲು ಹೆದರಿಸುವ ಈ ಹುಳುವನ್ನು ಹೊಸಬರು ಚಿಮುಟ ಹಿಡಿದು ಬೇಟೆಯಾಡುತ್ತಾರೆ. ಅನ್ಯಾಯ. ಇದು ತಿನ್ನುವುದು ಉಳಿದ ಆಹಾರ, ಸತ್ತ ಮೀನು, ಕಲ್ಲಿನಡಿ ಕೊಳೆಯುವ ಕಸ. ಕೈಹಾಕಲಾಗದ ಸಂದಿಗೆ ನುಗ್ಗಿ ಶುಚಿ ಮಾಡುವ ಕೆಲಸಗಾರ ತೊಟ್ಟಿಯಲ್ಲಿ ಬೇರೊಬ್ಬನಿಲ್ಲ. ಬೆಳಗ್ಗೆ ಸತ್ತ ಮೀನಿನ ಮೇಲೆ ಹುಳುಗಳು ಮುತ್ತಿರುವುದನ್ನು ಕಂಡು ಅವೇ ಕೊಂದವು ಎಂದುಕೊಳ್ಳುವುದುಂಟು. ಮೀನು ಮೊದಲೇ ಸತ್ತಿರುತ್ತದೆ, ಹುಳು ಆಮೇಲೆ ಬಂದಿರುತ್ತದೆ. ಹುಳುಗಳ ಸಂಖ್ಯೆ ವಿಪರೀತ ಏರಿದೆ ಎಂದರೆ ಯಜಮಾನ ಹೆಚ್ಚು ಆಹಾರ ಹಾಕುತ್ತಿದ್ದಾನೆ ಎಂದೇ ಅರ್ಥ. ಹವಳ ತಿನ್ನುವ ಬೆಂಕಿಹುಳು ಬೇರೆ: ಅದರ ಕೂದಲಿನ ಪಕ್ಕದಲ್ಲಿ ಕೆಂಪು ಕಿವಿರಿನ ಪೊದೆಗಳಿರುತ್ತವೆ, ತಲೆಯ ಮೇಲೆ ಮಡಿಕೆ ಮಡಿಕೆಯಾದ ಜುಟ್ಟಿರುತ್ತದೆ. ಈ ಎರಡು ಗುರುತು ನೋಡದೆ ಚಿಮುಟಕ್ಕೆ ಕೈ ಹಾಕಬಾರದು.

ಏಪ್ಟೇಸಿಯಾ ಎಂಬ ಜೀವಿಯ ಕತೆ ಉಲ್ಟಾ. ಇದು ನೋಡಲು ಚೆಂದ. ತೆಳು ಕಂದು ಬಣ್ಣದ ಪಾರದರ್ಶಕ ಕಾಂಡ, ತುದಿಯಲ್ಲಿ ಹೂವಿನ ಎಸಳಿನಂಥ ಉದ್ದ ಬಾಹುಗಳು. ಕಡ್ಡಿ ಮುಟ್ಟಿಸಿದರೆ ಥಟ್ಟನೆ ತೂತಿನೊಳಗೆ ಸೇರಿಕೊಳ್ಳುತ್ತದೆ. ಉಚಿತವಾಗಿ ಕಡಲ ಹೂ ಸಿಕ್ಕಿತೆಂದು ಖುಷಿಪಟ್ಟವರ ತೊಟ್ಟಿಯಲ್ಲಿ ಕೆಲವೇ ತಿಂಗಳಲ್ಲಿ ಅದರ ತೋಟವೇ ಎದ್ದಿರುತ್ತದೆ. ಕುಟುಕುವ ಬಾಹುಗಳು ಪಕ್ಕದ ಹವಳಗಳನ್ನು ಸುಡುತ್ತಿರುತ್ತವೆ. ಕೋಪದಲ್ಲಿ ಬ್ಲೇಡಿನಿಂದ ಕೆರೆದರೆ ಕೆಲಸ ಕೆಟ್ಟಿತು. ಪಾದದ ಚೂರೊಂದು ಕಲ್ಲಿಗೆ ಅಂಟಿಕೊಂಡು ಉಳಿದರೂ ಅದರಿಂದ ಹೊಸದು ಹುಟ್ಟುತ್ತದೆ, ಒಂದಿದ್ದದ್ದು ಹತ್ತಾಗುತ್ತದೆ. ಇದನ್ನೇ ತಿಂದು ಬದುಕುವ ಬರ್ಗಿಯಾ ಎಂಬ ಪುಟ್ಟ ಕಡಲ ಗೊಂಡೆಹುಳು, ಪೆಪ್ಪರ್‌ಮಿಂಟ್ ಸೀಗಡಿ ಇವುಗಳಿಂದ ಹತೋಟಿ ಸಾಧ್ಯ. ಇಲ್ಲವೆ ಬಾಯಿಗೆ ನೇರವಾಗಿ ಸುಣ್ಣದ ಗಂಜಿಯನ್ನು ಸಿರಿಂಜಿನಿಂದ ಹಾಕಿ ಕೊಲ್ಲಬೇಕು.

ಆದರೆ ಪ್ರಯೋಗಾಲಯದಲ್ಲಿ ಇದೇ ಏಪ್ಟೇಸಿಯಾಗೆ ಭಾರಿ ಗೌರವ. ಹವಳದಂತೆಯೇ ಇದರ ಮೈಯೊಳಗೂ ಪಾಚಿ ವಾಸಿಸುತ್ತದೆ. ಹವಳಕ್ಕಿಂತ ಸಾಕುವುದು ಬಹಳ ಸುಲಭ. ನೀರು ಬಿಸಿಯಾದಾಗ ಹವಳ ಬಿಳಿಚಿಕೊಳ್ಳುವುದೇಕೆ ಎಂಬುದನ್ನು ವಿಜ್ಞಾನಿಗಳು ಈ ‘ಕಳೆ’ಯ ಮೇಲೆ ಪ್ರಯೋಗ ಮಾಡಿ ಕಲಿಯುತ್ತಿದ್ದಾರೆ. 2015ರಲ್ಲಿ ಇದರ ಪೂರ್ತಿ ಜೀನೋಮ್ ಪ್ರಕಟವಾಯಿತು.

ಕೆಲವರಿಗೆ ಕಣ್ಣಿಗಿಂತ ಮೊದಲು ಕಿವಿಗೆ ಸುಳಿವು ಸಿಗುತ್ತದೆ. ಮಧ್ಯರಾತ್ರಿ ಗಾಜಿಗೆ ಕಲ್ಲು ಹೊಡೆದಂತೆ ‘ಟಕ್’. ಸದ್ದು ಮಾಡುವವರು ಇಬ್ಬರು. ಒಂದು ಕೈ ಇನ್ನೊಂದಕ್ಕಿಂತ ಬಹಳ ದಪ್ಪವಾಗಿರುವ ಪಿಸ್ತೂಲ್ ಸೀಗಡಿ. ಇದರಿಂದ ಹೆಚ್ಚಿನ ತಂಟೆಯಿಲ್ಲ. ಇನ್ನೊಂದು ಮಾಂಟಿಸ್ ಸೀಗಡಿ. ಅದರ ಗದೆಯಂಥ ಮುಂಗೈ ಬೀಸುವ ವೇಗ ಸೆಕೆಂಡಿಗೆ 23 ಮೀಟರ್‌ವರೆಗೂ ಹೋಗುತ್ತದೆ ಎಂದು ಅಮೆರಿಕದ ವಿಜ್ಞಾನಿ ಶೀಲಾ ಪಟೇಕ್ ಮತ್ತು ಸಂಗಡಿಗರು 2004ರಲ್ಲಿ ಅಳೆದು ತೋರಿಸಿದರು. ಅಷ್ಟು ರಭಸಕ್ಕೆ ನೀರಿನಲ್ಲಿ ಗುಳ್ಳೆ ಹುಟ್ಟಿ ಒಡೆಯುತ್ತದೆ, ಆ ಪೆಟ್ಟು ಬೇರೆ. ಒಂದು ಬಿಲದ ಬಾಯಲ್ಲಿ ಒಡೆದ ಚಿಪ್ಪಿನ ಚೂರುಗಳು ಬಿದ್ದಿದ್ದರೆ ಒಳಗಿರುವುದು ಇವನೇ. ಮಂಗಳೂರು, ಮಲ್ಪೆಯ ಟ್ರಾಲ್ ದೋಣಿಗಳ ಬಲೆಯಲ್ಲಿ ಇದರ ಬಂಧುಗಳು ರಾಶಿ ರಾಶಿ ಬೀಳುತ್ತವೆ. ತಿನ್ನಲು ಒಯ್ಯುವವರು ಕಡಿಮೆ; ಮೀನಿನ ಹುಡಿಗೆ, ಗೊಬ್ಬರಕ್ಕೆ ಹೋಗುತ್ತವೆ.

ಉಳಿದವರಲ್ಲಿ ಬಹುತೇಕರು ಸಾಧುಗಳು. ಗಾಜಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಸುರುಳಿ ಕಂಡರೆ ಅದು ಸ್ಪೈರಾರ್ಬಿಡ್ ಹುಳು, ನಿರಪಾಯಿ. ತೂತಿನಿಂದ ಬಳುಕುವ ಬರೀ ತೋಳು ಕಂಡರೆ ಬ್ರಿಟಲ್ ಸ್ಟಾರ್. ನೆರಳು ಬಿದ್ದೊಡನೆ ಮಾಯವಾಗುವ ಪುಟ್ಟ ಬೀಸಣಿಗೆ ನೀರನ್ನು ಸೋಸಿ ತಿನ್ನುವ ಹುಳುವಿನದು. ಏಡಿಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು: ಮೈಮೇಲೆ ಕೂದಲು, ಕೊಂಡಿಯ ತುದಿ ಕಪ್ಪು ಇದ್ದರೆ ಬೇರೆ ತೊಟ್ಟಿಗೆ ಸಾಗಿಸುವುದು ಲೇಸು. ಶಂಕುವಿನಾಕಾರದ, ಚಿತ್ತಾರದ ಚಿಪ್ಪಿನ ಕೋನ್ ಶಂಖುವನ್ನಂತೂ ಕೈಯಲ್ಲಿ ಹಿಡಿಯಲೇ ಕೂಡದು. ಅದರ ವಿಷಬಾಣಕ್ಕೆ ಮನುಷ್ಯರು ಸತ್ತಿದ್ದಾರೆ.

ಸಣ್ಣದಾಗಿ ಬಂದದ್ದು ಕಣ್ಣಿಗೆ ಬೀಳದೆ ದೊಡ್ಡದಾಗುವುದೂ ಉಂಟು. ಬ್ರಿಟನ್ನಿನ ನ್ಯೂಕೀ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ 2009ರಲ್ಲಿ ಹವಳಗಳು ತುಂಡಾಗುತ್ತಿದ್ದವು, ಮೀನುಗಳಿಗೆ ಗಾಯವಾಗುತ್ತಿತ್ತು. ಸಿಬ್ಬಂದಿ ಕಲ್ಲುಗಳನ್ನೆಲ್ಲ ಒಂದೊಂದಾಗಿ ಕಳಚಿದಾಗ ಸಿಕ್ಕಿದ್ದು ನಾಲ್ಕು ಅಡಿ ಉದ್ದದ ಹುಳು. ಚಿಕ್ಕದಾಗಿದ್ದಾಗ ಕಲ್ಲಿನ ಜತೆ ಬಂದು ಅಲ್ಲೇ ಬೆಳೆದಿರಬೇಕೆಂದು ಅವರ ಅಂದಾಜು.

ಇಂಥದ್ದು ಕೇಳಿದ ಮೇಲೆ ಕಲ್ಲನ್ನು ಕುದಿಯುವ ನೀರಿಗೆ ಹಾಕಿಬಿಟ್ಟರೆ ಪೀಡೆ ಕಳೆಯಿತಲ್ಲ ಎನಿಸುವುದು ಸಹಜ. ಅದು ಜೀವಕ್ಕೇ ಕುತ್ತು. ಕಲ್ಲಿಗಂಟಿದ ಗುಂಡಿಯಾಕಾರದ, ಝೋವಾಂಥಿಡ್ ಎಂಬ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಇರುತ್ತದೆ. ಹವಾಯಿಯಲ್ಲಿ 1971ರಲ್ಲಿ ಬೇರ್ಪಡಿಸಲಾದ ಈ ವಿಷ ನಿಸರ್ಗದ ಅತಿ ಘೋರ ವಿಷಗಳಲ್ಲೊಂದು. ಕುದಿಸಿದರೆ ಅದು ನಾಶವಾಗುವುದಿಲ್ಲ, ಹಬೆಯ ಜತೆ ಮನೆಯೊಳಗೆ ಹರಡುತ್ತದೆ. ಕಲ್ಲು ಕುದಿಸಿ, ಬ್ರಷ್ಷಿನಿಂದ ಉಜ್ಜಿ, ಇಡೀ ಕುಟುಂಬ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಕೈಗವಸು, ಕನ್ನಡಕ ಇಲ್ಲದೆ ಇಂಥ ಕಲ್ಲನ್ನು ಕೆರೆಯಬಾರದು.

ಮತ್ತೊಂದು ತಪ್ಪು ದಯೆಯಿಂದ ಆಗುವಂಥದ್ದು. ಕೊಲ್ಲಲು ಮನಸ್ಸಾಗದೆ ನೀರಿಗೆ ಬಿಡುವುದು. ತೊಟ್ಟಿಯ ಜೀವಿ ಹೊರಗೆ ಬಿದ್ದರೆ ಏನಾಗುತ್ತದೆ ನೋಡಿ: 1984ರಲ್ಲಿ ಮೊನಾಕೊದ ಅಕ್ವೇರಿಯಂ ಎದುರಿನ ಸಮುದ್ರದಲ್ಲಿ ಕಾಲರ್ಪಾ ಎಂಬ ಪಾಚಿ ಒಂದು ಚದರ ಮೀಟರಿನಷ್ಟು ಕಂಡಿತ್ತು. ಮುಂದೆ ಅದು ಮೆಡಿಟರೇನಿಯನ್ನಿನಲ್ಲಿ ಸಾವಿರಾರು ಹೆಕ್ಟೇರಿಗೆ ಹರಡಿತು. ಕ್ಯಾಲಿಫೋರ್ನಿಯಾದಲ್ಲಿ ಅದೇ ಪಾಚಿ 2000ದಲ್ಲಿ ಕಂಡಾಗ ಟಾರ್ಪಾಲು ಹೊದಿಸಿ ಕ್ಲೋರಿನ್ ಹಾಕಿ ಕೊಂದರು. ಪೂರ್ತಿ ನಿರ್ಮೂಲವಾಯಿತೆಂದು ಘೋಷಿಸಲು 2006 ಬರಬೇಕಾಯಿತು.

ಕಡಲಿನ ಜೀವಿ ಕಾವೇರಿಯಲ್ಲಿ ಬದುಕುವುದಿಲ್ಲ, ನಿಜ. ಆದರೆ ತೊಟ್ಟಿಯ ಪಾಚಿ ತಿನ್ನಲೆಂದು ಅಂಗಡಿಯಿಂದ ತರುವ ಸಕ್ಕರ್ ಮೀನು ದಕ್ಷಿಣದ ನದಿ, ಕೆರೆಗಳಲ್ಲಿ ಈಗಾಗಲೇ ನೆಲೆಯೂರಿದೆ. ಗುರುತು ಹಚ್ಚದೆ ಮೀನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯಲ್ಲೇ ಉದಾಹರಣೆಯಿದೆ. ಐವತ್ತು ಕಿಲೋ ಮೀರಿ ಬೆಳೆಯುವ ಇಲ್ಲಿನ ಗೂನುಬೆನ್ನಿನ ಮಹಶೀರ್ ಗಾಳದವರಿಗೆ ಹತ್ತೊಂಬತ್ತನೇ ಶತಮಾನದಿಂದಲೂ ಗೊತ್ತು. ಅದು ಯಾವ ಪ್ರಭೇದವೆಂಬುದು ವಿಜ್ಞಾನಕ್ಕೆ ಖಚಿತವಾಗಿರಲಿಲ್ಲ. ಆ ನಡುವೆ ಮಹಶೀರ್ ಉಳಿಸುವ ಸದುದ್ದೇಶದಿಂದಲೇ ಮರಿ ಕೇಂದ್ರಗಳಲ್ಲಿ ಬೆಳೆಸಿದ ಬೇರೆ ಜಾತಿಯ, ನೀಲಿ ರೆಕ್ಕೆಯ ಮಹಶೀರ್‌ಗಳನ್ನು ಹೊಳೆಗೆ ಬಿಡಲಾಯಿತು. 2018ರಲ್ಲಿ ಸಂಶೋಧಕರು ಗೂನುಬೆನ್ನಿನದು ‘ಟಾರ್ ರೆಮಾದೇವಿಯೈ’ ಎಂದು ಗುರುತಿಸಿದಾಗ ಹೊಳೆಯ ತುಂಬ ಹೊರಗಿನ ಮೀನೇ ಆಗಿತ್ತು. ಅದೇ ವರ್ಷ ಗೂನುಬೆನ್ನಿನ ಮೀನು ತೀವ್ರ ಅಳಿವಿನಂಚಿನ ಪಟ್ಟಿ ಸೇರಿತು.

ಗುರುತು ಸಿಗದ ಜೀವಿಯನ್ನು ಚಿಕ್ಕ ಡಬ್ಬಿಯಲ್ಲಿ ಅದೇ ನೀರು, ಒಂದು ಕಲ್ಲಿನ ಚೂರು ಹಾಕಿ ಬೇರೆ ಇಡಬಹುದು. ಪಕ್ಕದಲ್ಲಿ ಅಳತೆಗೆ ಸ್ಕೇಲು ಇಟ್ಟು, ಮೇಲಿನಿಂದ, ಪಕ್ಕದಿಂದ, ತಲೆಯ ಹತ್ತಿರದಿಂದ ಫೋಟೊ ತೆಗೆಯಬೇಕು. ಏನು ತಿಂದಿತು, ಯಾವ ಹೊತ್ತಿನಲ್ಲಿ ಓಡಾಡಿತು ಎಂದು ಬರೆದಿಡಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜು, ಮಂಗಳೂರು ಮತ್ತು ಕಾರವಾರದಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಇಂಥ ಜೀವಿಗಳನ್ನು ಬಲ್ಲವರಿರುವ ಜಾಗಗಳು. ಬೇಡವೆಂದು ತೀರ್ಮಾನವಾದ ಜೀವಿಯನ್ನು ಫ್ರೀಜರಿನಲ್ಲಿಟ್ಟು ಸತ್ತ ಮೇಲೆ ಕಸಕ್ಕೆ ಹಾಕಬೇಕು. ತೊಟ್ಟಿಯಿಂದ ತೆಗೆದ ಹಳೆಯ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿ, ಒಂದು ದಿನ ಬಿಟ್ಟು, ಕೆರೆಗೋ ನಾಲೆಗೋ ಸೇರದ ಇಂಗುಗುಂಡಿಗೆ ಸುರಿಯಬೇಕು. ಲೀಟರಿಗೆ 35 ಗ್ರಾಂ ಉಪ್ಪಿರುವ ಆ ನೀರು ತೆಂಗಿನ ಬುಡಕ್ಕೂ ಬೇಡ.