ಕ್ಯೂ ಕರಗಿಸುವ ಲೆಕ್ಕ

ಅಮೆರಿಕದ ಫ್ಲೋರಿಡಾದಲ್ಲಿರುವ ಡಿಸ್ನಿಯ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನಲ್ಲಿ ‘ಪೀಟರ್ ಪ್ಯಾನ್ಸ್ ಫ್ಲೈಟ್’ ಎಂಬ ಹಳೆಯ ರೈಡ್ ಇದೆ. 1971ರಲ್ಲಿ ಪಾರ್ಕ್ ಬಾಗಿಲು ತೆರೆದ ವಾರದಲ್ಲೇ ಶುರುವಾದದ್ದು. ಹಾಯಿಹಡಗಿನ ಆಕಾರದ ಪುಟ್ಟ ಗಾಡಿಯೊಳಗೆ ಕೂತರೆ ರಾತ್ರಿಯ ಲಂಡನ್ ನಗರದ ಮೇಲೆ ತೇಲಿಕೊಂಡು ಹೋಗಿ ಬರಬಹುದು. ಇಡೀ ಪ್ರಯಾಣಕ್ಕೆ ಮೂರು ನಿಮಿಷವೂ ಹಿಡಿಯುವುದಿಲ್ಲ. ಆದರೆ ರಜೆಯ ದಿನಗಳಲ್ಲಿ ಆ ಮೂರು ನಿಮಿಷಕ್ಕಾಗಿ ಮಕ್ಕಳನ್ನು ಕಟ್ಟಿಕೊಂಡು ಒಂದು ಗಂಟೆಗೂ ಹೆಚ್ಚು ಹೊತ್ತು ನಿಲ್ಲಬೇಕಾಗುವುದು ಮಾಮೂಲು.

ಅದೇ ಪಾರ್ಕಿನ ಇನ್ನೊಂದು ಬದಿಯಲ್ಲಿ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’ ಇದೆ. ಹೆಸರಿನಲ್ಲಿ ಅದೇನೂ ಕಡಿಮೆಯದಲ್ಲ, ಸಿನಿಮಾ ಸರಣಿಗೇ ಹೆಸರು ಕೊಟ್ಟ ರೈಡ್ ಅದು. ಆದರೂ ಅಲ್ಲಿನ ಕ್ಯೂ ಬೇಗ ಬೇಗ ಸರಿಯುತ್ತದೆ. ದೊಡ್ಡ ದೋಣಿಗಳು, ಸಾಲು ಸಾಲು ಆಸನಗಳು, ಒಂದರ ಬೆನ್ನಿಗೆ ಇನ್ನೊಂದು ಹೊರಡುತ್ತಲೇ ಇರುತ್ತದೆ. ಪೀಟರ್ ಪ್ಯಾನ್ ಗಾಡಿಯಲ್ಲಿ ಹಿಡಿಸುವುದು ಇಬ್ಬರು, ಮೂವರು. ಕ್ಯೂ ಎಷ್ಟು ಉದ್ದವಿದೆ ಎಂದು ಕಣ್ಣಳತೆಯಲ್ಲಿ ನೋಡಿದರೆ ಕಾಯುವ ಹೊತ್ತು ತಿಳಿಯುವುದಿಲ್ಲ. ಗಂಟೆಗೆ ಎಷ್ಟು ಜನರನ್ನು ಆ ಯಂತ್ರ ಕೂರಿಸಿಕೊಂಡು ಕಳಿಸುತ್ತದೆ ಎಂಬುದೇ ಮುಖ್ಯ. ಮುಂದೆ 1,800 ಜನರಿದ್ದು, ಗಂಟೆಗೆ 1,200 ಜನರಿಗೆ ಜಾಗವಿದ್ದರೆ ಕಾಯಬೇಕಾದದ್ದು ಒಂದೂವರೆ ಗಂಟೆ. ಜಾನ್ ಲಿಟಲ್ ಎಂಬ ವಿದ್ವಾಂಸರು 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರದ ಸಾರ ಇಷ್ಟೇ. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೂ ಬ್ಯಾಂಕಿನ ಕೌಂಟರಿಗೂ ಅದು ಅನ್ವಯಿಸುತ್ತದೆ.

ಈ ಲೆಕ್ಕವನ್ನು ಪಾರ್ಕಿಗೆ ಬರುವವರ ಕೈಗೆ ಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಲೆನ್ ಟೆಸ್ಟಾ ಅವರದು. ತೊಂಬತ್ತರ ದಶಕದಲ್ಲಿ ಅವರು ಡಿಸ್ನಿಯ ಇನ್ನೊಂದು ಪಾರ್ಕಿನಲ್ಲಿ ‘ಗ್ರೇಟ್ ಮೂವೀ ರೈಡ್’ಗಾಗಿ ಬಹಳ ಹೊತ್ತು ಕ್ಯೂ ನಿಂತಿದ್ದರು. ಇದಕ್ಕೆ ಇನ್ನೂ ಒಳ್ಳೆಯ ದಾರಿ ಇರಲೇಬೇಕು ಎಂಬ ಯೋಚನೆ ಅಲ್ಲಿ ಹುಟ್ಟಿತು. ಕ್ಯೂನಲ್ಲಿ ನಿಂತವರೆಲ್ಲರಿಗೂ ಬರುವ ಯೋಚನೆಯೇ ಅದು. ಟೆಸ್ಟಾ ಅದನ್ನು ನಾರ್ತ್ ಕೆರೊಲಿನಾ ಎ ಆ್ಯಂಡ್ ಟಿ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ನಾತಕೋತ್ತರ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಂಡರು. ಆಗಲೇ ಹೆಸರು ಮಾಡಿದ್ದ ‘ಅನಫಿಶಿಯಲ್ ಗೈಡ್’ ಪುಸ್ತಕಗಳ ಬಾಬ್ ಸೆಹ್ಲಿಂಗರ್ ಅವರ ಜೊತೆ ಸೇರಿ ಮುಂದೆ ಅದೇ ಕೆಲಸವನ್ನು ವೃತ್ತಿಯಾಗಿಸಿಕೊಂಡರು. ‘ಟೂರಿಂಗ್ ಪ್ಲಾನ್ಸ್’ ಎಂಬ ಸಂಸ್ಥೆ ಬೆಳೆದದ್ದು ಹೀಗೆ.

ಮೇಲ್ನೋಟಕ್ಕೆ ಇದು ಸಣ್ಣ ಸಮಸ್ಯೆ. ಹತ್ತು ರೈಡ್ ನೋಡಬೇಕು, ಯಾವುದು ಮೊದಲು, ಯಾವುದು ಆಮೇಲೆ? ಹತ್ತನ್ನು ಜೋಡಿಸುವ ಕ್ರಮಗಳೇ 36,28,800. ಇಪ್ಪತ್ತಕ್ಕೆ ಏರಿಸಿದರೆ ಬರುವುದು 19 ಅಂಕಿಗಳ ಸಂಖ್ಯೆ. ಒಂದೊಂದನ್ನೂ ಕೂಡಿ ಕಳೆದು ನೋಡುತ್ತಾ ಕೂರುವುದು ಕಂಪ್ಯೂಟರಿಗೂ ಆಗದ ಮಾತು. ಹಲವು ಊರುಗಳನ್ನು ಸುತ್ತಿ ಮನೆಗೆ ಮರಳಬೇಕಾದ ಮಾರಾಟಗಾರನ ಅತಿ ಕಡಿಮೆ ದೂರದ ದಾರಿ ಯಾವುದು ಎಂಬ ಪ್ರಶ್ನೆ ಗಣಿತದಲ್ಲಿ ಬಹಳ ಹಳೆಯದು. ಪಾರ್ಕಿನ ಪ್ರಶ್ನೆ ಅದಕ್ಕಿಂತ ಕಠಿಣ, ಏಕೆಂದರೆ ಇಲ್ಲಿ ‘ದೂರ’ ಗಂಟೆಗೊಮ್ಮೆ ಬದಲಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಲು ಬೆಳಿಗ್ಗೆ ಆರಕ್ಕೆ ಹಿಡಿಯುವ ಹೊತ್ತೇ ಬೇರೆ, ಸಂಜೆ ಆರಕ್ಕೆ ಹಿಡಿಯುವುದೇ ಬೇರೆ. ರಸ್ತೆ ಮಾತ್ರ ಅದೇ.

ಟೆಸ್ಟಾ ಮತ್ತು ಅವರ ಮಾರ್ಗದರ್ಶಕರು ಇದಕ್ಕೆ ಹಿಡಿದದ್ದು ಜೆನೆಟಿಕ್ ಅಲ್ಗಾರಿದಮ್‌ನ ದಾರಿ. ಆ ಪ್ರಯೋಗಗಳ ಬಗ್ಗೆ ಅವರ ಪ್ರಬಂಧ 2000ದಲ್ಲಿ ಹೊರಬಂತು. ಇದು ಜೀವವಿಕಾಸದ ತತ್ವವನ್ನು ಲೆಕ್ಕಕ್ಕೆ ಇಳಿಸುವ ವಿಧಾನ. ಮೊದಲು ಮನಬಂದಂತೆ ಒಂದಷ್ಟು ಯೋಜನೆಗಳನ್ನು ಹುಟ್ಟಿಸುತ್ತಾರೆ. ಪ್ರತಿಯೊಂದರಲ್ಲೂ ನಡಿಗೆ ಎಷ್ಟು, ಕಾಯುವುದೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಕೆಟ್ಟವನ್ನು ಕಿತ್ತುಹಾಕಿ, ಚೆನ್ನಾಗಿರುವ ಎರಡನ್ನು ಬೆರೆಸಿ ಹೊಸದೊಂದನ್ನು ಮಾಡುತ್ತಾರೆ. ಅಲ್ಲೊಂದು ಇಲ್ಲೊಂದು ರೈಡನ್ನು ಬೇಕೆಂದೇ ಅದಲುಬದಲು ಮಾಡುವುದೂ ಉಂಟು. ಪೀಳಿಗೆಯ ಮೇಲೆ ಪೀಳಿಗೆ ಹೀಗೇ ನಡೆದರೆ ಅತ್ಯುತ್ತಮವಾದದ್ದೇ ಸಿಗುತ್ತದೆಂಬ ಖಾತ್ರಿಯಿಲ್ಲ, ಆದರೆ ಬಹಳ ಒಳ್ಳೆಯದೊಂದು ಬೇಗನೆ ಸಿಗುತ್ತದೆ. ರಜೆಗೆ ಹೋದವರಿಗೆ ಅಷ್ಟು ಸಾಕು.

ಲೆಕ್ಕ ಎಷ್ಟೇ ಜಾಣತನದ್ದಾದರೂ ಅದಕ್ಕೆ ಉಣಿಸುವ ಮಾಹಿತಿ ಸರಿಯಿರಬೇಕು. ರೈಡಿನ ಬಾಗಿಲಲ್ಲಿ ‘60 ನಿಮಿಷ’ ಎಂದು ಫಲಕ ತೋರಿಸಿದರೆ ನಿಜಕ್ಕೂ ಅಷ್ಟೇ ಹೊತ್ತು ಕಾಯಬೇಕೆಂದಿಲ್ಲ. ಬಹುತೇಕ ಸಲ ಫಲಕ ಹೆಚ್ಚಾಗಿಯೇ ಹೇಳುತ್ತದೆ. ಒಂದು ಗಂಟೆ ಎಂದುಕೊಂಡು ನಿಂತವರಿಗೆ ಮುಕ್ಕಾಲು ಗಂಟೆಗೇ ಸರದಿ ಬಂದರೆ ಖುಷಿಯಾಗುತ್ತದೆ ಎಂಬುದು ಪಾರ್ಕಿನವರಿಗೆ ಗೊತ್ತು. ಆದ್ದರಿಂದ ಟೂರಿಂಗ್ ಪ್ಲಾನ್ಸ್‌ನವರು ಫಲಕವನ್ನು ನೆಚ್ಚಿಕೊಳ್ಳದೆ, ಕ್ಯೂನಲ್ಲಿ ನಿಂತ ಸಾಮಾನ್ಯ ಜನರಿಂದಲೇ ಅಳತೆ ಪಡೆಯತೊಡಗಿದರು. ಅವರ ‘ಲೈನ್ಸ್’ ಎಂಬ ಆ್ಯಪ್‌ನಲ್ಲಿ ಕ್ಯೂ ಸೇರುವಾಗ ಒಮ್ಮೆ ಒತ್ತಬೇಕು, ರೈಡ್ ಹತ್ತುವಾಗ ಇನ್ನೊಮ್ಮೆ. ಹಾಗೆ ಬಂದ ಅಸಲಿ ನಿಮಿಷಗಳು ಮುಂದೆ ಹೋಗುವವರ ಯೋಜನೆಯೊಳಗೆ ಸೇರುತ್ತವೆ. ಡಿಸ್ನಿ ತಾನು ಅಳೆಯುತ್ತಿದ್ದ ಕ್ರಮ ಇನ್ನೂ ಸರಳ. ಕ್ಯೂ ಸೇರುವ ಯಾರೋ ಒಬ್ಬರ ಕೈಗೆ ಸಿಬ್ಬಂದಿ ಕೆಂಪು ಕಾರ್ಡೊಂದನ್ನು ಕೊಡುತ್ತಿದ್ದರು. ಅವರು ರೈಡ್ ಹತ್ತುವಲ್ಲಿ ಅದನ್ನು ಹಿಂತಿರುಗಿಸಬೇಕು. ನಡುವಿನ ಹೊತ್ತೇ ಕ್ಯೂನ ನಿಜವಾದ ಉದ್ದ.

ಇಷ್ಟೆಲ್ಲ ಮಾಡಿ ಉಳಿಯುವುದೆಷ್ಟು? ‘ಅನಫಿಶಿಯಲ್ ಗೈಡ್’ ತಂಡ ಜನದಟ್ಟಣೆಯ ದಿನವೊಂದರಲ್ಲಿ ಪರೀಕ್ಷೆ ಮಾಡಿ ನೋಡಿತ್ತು. ಯೋಜನೆಯಿಲ್ಲದೆ ಸುತ್ತಿದವರು, ಯೋಜನೆ ಹಿಡಿದು ಹೋದವರಿಗಿಂತ ಸರಾಸರಿ ಮೂರು ಗಂಟೆಗೂ ಮಿಕ್ಕಿ ಹೆಚ್ಚು ಹೊತ್ತು ಕಾದರು. ನೋಡಿದ ರೈಡುಗಳೂ ಶೇ 37ರಷ್ಟು ಕಡಿಮೆ. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ, ಮೊಮ್ಮಕ್ಕಳ ಜೊತೆ ಒರ್ಲ್ಯಾಂಡೊದ ಈ ಪಾರ್ಕುಗಳನ್ನು ಸುತ್ತುವ ಅಜ್ಜ ಅಜ್ಜಿಯರ ಮೊಣಕಾಲಿಗೆ ಆ ಮೂರು ಗಂಟೆ ಬಹಳ ದೊಡ್ಡದು.

ಪಾರ್ಕಿನವರೂ ಕೈಕಟ್ಟಿ ಕೂತಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ನಡುವೆ ನಿಂತಿರುವ ಸಿಂಡರೆಲಾ ಕೋಟೆಯ ಕೆಳಗೆ ಒಂದು ನಿಯಂತ್ರಣ ಕೊಠಡಿ ಇರುವುದನ್ನು ‘ನ್ಯೂಯಾರ್ಕ್ ಟೈಮ್ಸ್’ 2010ರಲ್ಲಿ ವರದಿ ಮಾಡಿತ್ತು. ಗೋಡೆಯ ತುಂಬ ಪರದೆಗಳು, ಅವುಗಳ ಮೇಲೆ ಒಂದೊಂದು ರೈಡಿನ ಸ್ಥಿತಿ. ಪೈರೇಟ್ಸ್ ಕ್ಯೂ ಬೆಳೆಯುತ್ತಿದೆ ಎಂದು ಕಂಡರೆ ಹೆಚ್ಚು ದೋಣಿ ಬಿಡಿ ಎಂದು ಸೂಚನೆ ಹೋಗುತ್ತದೆ, ಇಲ್ಲವೇ ಕ್ಯಾಪ್ಟನ್ ಜಾಕ್ ಸ್ಪ್ಯಾರೋ ವೇಷಧಾರಿ ಕಾಯುವವರ ನಡುವೆ ಬಂದು ರಂಜಿಸುತ್ತಾನೆ. ಒಂದು ಭಾಗದಲ್ಲಿ ನೂಕುನುಗ್ಗಲಾದರೆ ಖಾಲಿ ಇರುವ ಭಾಗಕ್ಕೆ ಪುಟ್ಟ ಮೆರವಣಿಗೆ ಕಳಿಸಿ ಜನರನ್ನು ಅತ್ತ ಸೆಳೆಯುತ್ತಾರೆ. ನಲವತ್ತಕ್ಕೂ ಹೆಚ್ಚು ರೈಡುಗಳಲ್ಲಿ ಪ್ರವಾಸಿಯೊಬ್ಬರಿಗೆ ಸರಾಸರಿ ಒಂಬತ್ತಕ್ಕಷ್ಟೇ ಪುರಸೊತ್ತಾಗುತ್ತಿತ್ತು, ಇದೆಲ್ಲದರ ಫಲವಾಗಿ ಅದು ಹತ್ತಕ್ಕೆ ಏರಿತು ಎಂದೂ ಆ ವರದಿ ಹೇಳಿತ್ತು. ಇಷ್ಟು ದೊಡ್ಡ ವ್ಯವಸ್ಥೆಗೆ ಸಿಕ್ಕಿದ್ದು ಒಂದೇ ಒಂದು ರೈಡ್! ತುಂಬಿದ ಪಾರ್ಕಿನಲ್ಲಿ ಒಂದು ರೈಡನ್ನು ಹೆಚ್ಚಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕಾಯುವ ಹೊತ್ತನ್ನು ಕಡಿಮೆ ಮಾಡಲಾಗದಿದ್ದರೆ ಹಗುರ ಮಾಡುವ ಉಪಾಯವೂ ಇದೆ. ಸುಮ್ಮನೆ ನಿಂತ ಹೊತ್ತು ಉದ್ದ ಅನಿಸುತ್ತದೆ, ಏನಾದರೂ ಮಾಡುತ್ತಾ ನಿಂತರೆ ಚಿಕ್ಕದು ಅನಿಸುತ್ತದೆ ಎಂದು ಮ್ಯಾನೇಜ್‌ಮೆಂಟ್ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲೇ ಬರೆದಿದ್ದರು. ಪೀಟರ್ ಪ್ಯಾನ್ ರೈಡಿನ ಕ್ಯೂ ಈಗ ಕಥೆಯ ಮಕ್ಕಳು ಮಲಗುವ ಕೋಣೆಯೊಳಗಿಂದ ಹಾದುಹೋಗುತ್ತದೆ. ಗೋಡೆಯ ಮೇಲೆ ಬೀಳುವ ನೆರಳುಗಳ ಜೊತೆ ಮಕ್ಕಳು ಆಡಿಕೊಳ್ಳಬಹುದು.

ಇನ್ನು ಕ್ಯೂ ತಪ್ಪಿಸುವ ಪಾಸಿನ ಕಥೆ. 1999ರಲ್ಲಿ ಡಿಸ್ನಿ ‘ಫಾಸ್ಟ್‌ಪಾಸ್’ ತಂದಾಗ ಅದು ಎಲ್ಲರಿಗೂ ಉಚಿತ. ಯಂತ್ರಕ್ಕೆ ಟಿಕೆಟ್ ತೂರಿಸಿದರೆ ಇಂಥ ಹೊತ್ತಿಗೆ ಬನ್ನಿ ಎಂಬ ಚೀಟಿ ಹೊರಬರುತ್ತಿತ್ತು. 2013ರಿಂದಾಚೆಗೆ ಸುಮಾರು 100 ಕೋಟಿ ಡಾಲರ್ ಖರ್ಚಿನ ಹೊಸ ವ್ಯವಸ್ಥೆ ಬಂತು. ಕೈಪಟ್ಟಿ, ಫೋನು, ಡಿಸ್ನಿ ಹೋಟೆಲಿನಲ್ಲಿ ತಂಗುವವರಿಗೆ 60 ದಿನ ಮೊದಲೇ ಬುಕಿಂಗ್. ಕೋವಿಡ್ ಬಂದು ಪಾರ್ಕುಗಳು ಮುಚ್ಚಿ ತೆರೆದ ಮೇಲೆ ಉಚಿತ ಪಾಸ್ ಮರಳಲೇ ಇಲ್ಲ. 2021ರ ಅಕ್ಟೋಬರಿನಲ್ಲಿ ಫ್ಲೋರಿಡಾದಲ್ಲಿ ಶುರುವಾದ ‘ಜೀನೀ ಪ್ಲಸ್’ಗೆ ತಲೆಗೆ ದಿನಕ್ಕೆ 15 ಡಾಲರ್. 2024ರಲ್ಲಿ ಹೆಸರು ‘ಲೈಟ್ನಿಂಗ್ ಲೇನ್’ ಎಂದಾಯಿತು, ಅದೇ ವರ್ಷ ಬಂದ ಪ್ರೀಮಿಯರ್ ಪಾಸಿಗೆ ದಟ್ಟಣೆಯ ದಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ತಲೆಗೆ 449 ಡಾಲರ್‌ವರೆಗೂ ಬೆಲೆ ಇಟ್ಟರು. ಪ್ರವೇಶ ಶುಲ್ಕ ಬೇರೆ.

ಇಲ್ಲಿ ಎರಡು ಉಪಾಯಗಳ ನಡುವಿನ ಅಂತರವನ್ನು ಗಟ್ಟಿಯಾಗಿ ಹೇಳಲೇಬೇಕು. ಪಾಸ್ ಕೊಳ್ಳುವುದರಿಂದ ರೈಡಿಗೆ ಒಂದೇ ಒಂದು ಆಸನವೂ ಹೆಚ್ಚಾಗುವುದಿಲ್ಲ. ಪಾಸ್ ಇದ್ದವರು ಮುಂದೆ ಹೋದಷ್ಟೂ ಇಲ್ಲದವರು ಹಿಂದೆ ಉಳಿಯುತ್ತಾರೆ. ಒಬ್ಬರ ಕಾಯುವಿಕೆ ಇನ್ನೊಬ್ಬರ ಹೆಗಲಿಗೆ ದಾಟುತ್ತದೆ ಅಷ್ಟೆ. ಯೋಜನೆ ಮಾಡಿಕೊಂಡು ಹೋಗುವವರು ಹಾಗಲ್ಲ. ಪಾರ್ಕ್ ತೆರೆದ ಮೊದಲ ಗಂಟೆಯಲ್ಲಿ, ಎಲ್ಲರೂ ಮೆರವಣಿಗೆ ನೋಡುವ ಹೊತ್ತಿನಲ್ಲಿ, ರಾತ್ರಿ ಮುಚ್ಚುವ ಮುಂಚೆ ಖಾಲಿ ಓಡುವ ಆಸನಗಳನ್ನು ಅವರು ತುಂಬುತ್ತಾರೆ. ಆಗ ಮಧ್ಯಾಹ್ನದ ಕ್ಯೂನಲ್ಲಿ ನಿಲ್ಲುವವರ ಸಂಖ್ಯೆಯೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಎಲ್ಲರೂ ಅದೇ ಯೋಜನೆ ಹಿಡಿದು ಅದೇ ರೈಡಿಗೆ ಓಡಿದರೆ ಲಾಭ ಕರಗುತ್ತದೆ ಎಂಬುದು ನಿಜ. ಅದಕ್ಕೇ ಒಬ್ಬೊಬ್ಬರ ಆಯ್ಕೆಗೆ ತಕ್ಕಂತೆ ಬೇರೆ ಬೇರೆ ಕ್ರಮ ಕೊಡುವ ಸಾಫ್ಟ್‌ವೇರ್, ಅಚ್ಚಾದ ಒಂದೇ ಪಟ್ಟಿಗಿಂತ ಮೇಲು. ಮಧ್ಯೆ ರೈಡೊಂದು ಕೆಟ್ಟು ನಿಂತರೆ ಉಳಿದ ದಿನವನ್ನು ಮತ್ತೆ ಲೆಕ್ಕ ಹಾಕಿ ಕೊಡುವುದೂ ಅದಕ್ಕೆ ಸಾಧ್ಯ.

ಕ್ಯೂನಲ್ಲಿ ನಿಲ್ಲಿಸದೆಯೇ ಸರದಿ ಕೊಡುವ ಪ್ರಯೋಗಗಳೂ ನಡೆದಿವೆ. ಯೂನಿವರ್ಸಲ್ ಕಂಪನಿ 2017ರಲ್ಲಿ ಒರ್ಲ್ಯಾಂಡೊದಲ್ಲಿ ತೆರೆದ ‘ವೋಲ್ಕೇನೊ ಬೇ’ ವಾಟರ್ ಪಾರ್ಕಿನಲ್ಲಿ ಕೈಗೆ ಕಟ್ಟಿದ ಪಟ್ಟಿಯೇ ಸರದಿ ಬಂದಾಗ ಸೂಚನೆ ಕೊಡುತ್ತದೆ. ಅಲ್ಲಿಯವರೆಗೆ ಈಜುತ್ತಾ ಇರಬಹುದು. ಆದರೆ ಎಲ್ಲ ತಂತ್ರಗಳೂ ಸೋಲುವ ದಿನಗಳಿವೆ. ಅದೇ ಕಂಪನಿಯ ಹ್ಯಾಗ್ರಿಡ್ ಮೋಟಾರ್‌ಬೈಕ್ ರೈಡ್ 2019ರ ಜೂನ್ 13ರಂದು ಶುರುವಾದಾಗ ಕಾಯುವ ಹೊತ್ತು ಹತ್ತು ಗಂಟೆ ಮುಟ್ಟಿತ್ತು.

ನಮ್ಮಲ್ಲಿ ಬಿಡದಿ ಬಳಿಯ ವಂಡರ್‌ಲಾ 2005ರಲ್ಲಿ ಆರಂಭವಾಯಿತು. ಅಲ್ಲೂ ಹೆಚ್ಚು ಹಣಕ್ಕೆ ‘ಫಾಸ್ಟ್‌ಟ್ರ್ಯಾಕ್’ ಟಿಕೆಟ್ ಸಿಗುತ್ತದೆ. ಆದರೆ ಮೇಲಿನ ಲೆಕ್ಕ ಗೊತ್ತಿದ್ದವರಿಗೆ ಅರ್ಧ ಕೆಲಸ ಹಣವಿಲ್ಲದೆಯೇ ಆಗುತ್ತದೆ. ‘ರಿಕಾಯಿಲ್’ ರೋಲರ್ ಕೋಸ್ಟರ್ ಮುಂದಕ್ಕೆ ಹೋಗಿ ಅದೇ ಹಳಿಯಲ್ಲಿ ಹಿಮ್ಮುಖವಾಗಿ ಮರಳುತ್ತದೆ. ಅದು ಮರಳಿ ನಿಲ್ಲುವವರೆಗೆ ಮುಂದಿನ ತಂಡ ಹತ್ತುವಂತಿಲ್ಲ. ಇಂಥ ರೈಡಿಗೆ ಕ್ಯೂ ಬೆಳೆಯುವ ಮೊದಲೇ ಹೋಗಬೇಕು. ಅಲೆಗಳ ಕೊಳದಲ್ಲಿ ಒಂದೇ ಸಲಕ್ಕೆ ನೂರಾರು ಜನ ಇಳಿಯಬಹುದಾದ್ದರಿಂದ ಅದನ್ನು ಯಾವ ಹೊತ್ತಿಗೆ ಇಟ್ಟುಕೊಂಡರೂ ನಡೆಯುತ್ತದೆ.

ಪಾರ್ಕ್ ನಡೆಸುವವರಲ್ಲಿ ಒಂದು ಕೋರಿಕೆ: ಪ್ರತಿ ರೈಡಿನ ಮುಂದೆ ಈಗ ಕಾಯಬೇಕಾದ ನಿಜವಾದ ನಿಮಿಷಗಳನ್ನು, ಉಬ್ಬಿಸದೆ, ಜನರ ಫೋನಿಗೆ ಕೊಡಿ. ಹೋಗುವವರಿಗೆ ಹೇಳುವುದಿಷ್ಟು: ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಬಿಟ್ಟು ಬೇರೆ ವಾರ ಆರಿಸಿಕೊಳ್ಳಿ, ಗೇಟು ತೆರೆಯುವ ಅರ್ಧ ಗಂಟೆ ಮೊದಲೇ ಅಲ್ಲಿರಿ, ಊಟವನ್ನು ಒಂದು ಗಂಟೆಗಲ್ಲ, ಹನ್ನೊಂದೂವರೆಗೇ ಮುಗಿಸಿಕೊಳ್ಳಿ.