ಹೊಗೆಯೂ ಆವಿಯೂ

ಕರ್ಪೂರದ ಬಿಲ್ಲೆಯೊಂದನ್ನು ತಟ್ಟೆಯಲ್ಲಿ ತೆರೆದಿಟ್ಟರೆ ಅದು ದಿನೇ ದಿನೇ ಸವೆದು ಕಾಣದಂತಾಗುವುದನ್ನೂ ಕೋಣೆಯೆಲ್ಲ ಪರಿಮಳಿಸುವುದನ್ನೂ ವಾಚಕರು ಬಲ್ಲರು. ಅದೇ ಬಿಲ್ಲೆಗೆ ಬೆಂಕಿ ತಾಗಿಸಿದರೆ ಕಪ್ಪು ಹೊಗೆ ಏಳುತ್ತದೆ. ಮೇಲೆ ಹಿಡಿದ ಬಟ್ಟಲಿಗೆ ಕಾಡಿಗೆ ಕಟ್ಟುತ್ತದೆ. ಮೊದಲಿನದರಲ್ಲಿ ಕರ್ಪೂರವು ಕರ್ಪೂರವಾಗಿಯೇ ಉಳಿದು ಗಾಳಿಯನ್ನು ಸೇರಿತು. ಎರಡನೆಯದರಲ್ಲಿ ಅದರ ಅಣುಗಳು ಒಡೆದು ಬೇರೆ ವಸ್ತುಗಳಾದುವು. ಪಾಶ್ಚಾತ್ಯ ದೇಶಗಳಲ್ಲಿ ಗಾಂಜಾ ಸೇದುವವರಲ್ಲಿ ಹಲವರು ಚಿಲುಮೆ, ಸುರುಳಿಗಳನ್ನು ಬಿಟ್ಟು ಸೊಪ್ಪನ್ನು ಸುಡದೆ ಕಾಯಿಸುವ ಯಂತ್ರಕ್ಕೆ ತಿರುಗಿರುವುದರ ಮರ್ಮವೆಲ್ಲ ಈ ಭೇದದಲ್ಲಿಯೇ ಅಡಗಿದೆ.

ಗಾಂಜಾದ ಅಮಲಿಗೆ ಮುಖ್ಯ ಕಾರಣವಾದ ವಸ್ತು ಟೆಟ್ರಾಹೈಡ್ರೊಕೆನಬಿನಾಲ್. ಹೂವಿನ ಮೇಲಿನ ಅಂಟುಗ್ರಂಥಿಗಳಲ್ಲಿ ಇದು ಬಹುಮಟ್ಟಿಗೆ ಆಮ್ಲರೂಪದಲ್ಲಿರುತ್ತದೆ. ಆ ರೂಪದಲ್ಲಿ ಅದು ಅಮಲೇರಿಸುವುದಿಲ್ಲ. ಶಾಖ ತಗುಲಿದಾಗ ಆಮ್ಲವು ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಟ್ಟು ಸಕ್ರಿಯವಾಗುತ್ತದೆ. ಆದುದರಿಂದ ಬೇಕಾದುದು ಶಾಖವೇ ಹೊರತು ಬೆಂಕಿಯಲ್ಲ. ಸುರುಳಿಯನ್ನು ಎಳೆಯುವಾಗ ಅದರ ಕೆಂಡವು 700 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಕೆಂಡದ ಹಿಂದೆ, ಆಮ್ಲಜನಕ ಸಾಲದ ಎಡೆಯಲ್ಲಿ, ಸಸ್ಯದ ನಾರು ಒಡೆದು ಟಾರು, ಬೆಂಜೀನು, ಇಂಗಾಲದ ಮಾನಾಕ್ಸೈಡು ಮುಂತಾದುವು ಹುಟ್ಟುತ್ತವೆ. ಗಿಡಮೂಲಿಕೆಯ ಹೊಗೆಯೆಂದು ಇದನ್ನು ನಿರಪಾಯವೆಂದು ಬಗೆಯುವುದು ಬರಿಯ ಭ್ರಮೆ. ನಿಕೊಟೀನೊಂದನ್ನು ಬಿಟ್ಟರೆ ಇದು ತಂಬಾಕಿನ ಹೊಗೆಗೆ ಬಹಳ ಹತ್ತಿರದ ನೆಂಟ.

ವೇಪೊರೈಸರ್ ಎಂಬ ಯಂತ್ರವನ್ನು ನಾವು ಬಾಷ್ಪಕವೆಂದು ಕರೆಯೋಣ. ಅದರಲ್ಲಿ ಒಣಗಿಸಿ ಪುಡಿಮಾಡಿದ ಹೂವನ್ನು ಸಾಮಾನ್ಯವಾಗಿ 180ರಿಂದ 210 ಡಿಗ್ರಿಯವರೆಗೆ ಕಾಯಿಸುತ್ತಾರೆ. ಬಾಷ್ಪಶೀಲ ವಸ್ತುಗಳು ಆವಿಯಾಗಿ ಹೊರಡುತ್ತವೆ; ನಾರು ಹೊತ್ತಿಕೊಳ್ಳುವುದಿಲ್ಲ. ಕೆಲವು ಯಂತ್ರಗಳಲ್ಲಿ ಪುಡಿಯು ಕಾದ ಲೋಹದ ಗೋಡೆಗೆ ತಗುಲಿ ವಹನದಿಂದ ಬಿಸಿಯಾಗುತ್ತದೆ. ಅಂಥವುಗಳಲ್ಲಿ ಗೋಡೆಯ ಬಳಿಯದು ಕರಿಯಾಗಿ ನಡುವಿನದು ಹಸಿಯಾಗಿಯೇ ಉಳಿಯುವುದುಂಟು. ಬಿಸಿಗಾಳಿಯನ್ನೇ ಪುಡಿಯ ಮೂಲಕ ಹಾಯಿಸುವ ಸಂವಹನದ ಯಂತ್ರಗಳಲ್ಲಿ ಶಾಖ ಸಮವಾಗಿ ಹಂಚಿಕೆಯಾಗುತ್ತದೆ. ಜರ್ಮನಿಯ ಟುಟ್ಲಿಂಗೆನ್ ಪಟ್ಟಣದ ಸಂಸ್ಥೆಯೊಂದು ತಯಾರಿಸುವ 'ವೊಲ್ಕೇನೊ' ಈ ಬಗೆಯದು. ಇದು ಆವಿಯನ್ನು ಒಂದು ಚೀಲದಲ್ಲಿ ತುಂಬಿಕೊಡುತ್ತದೆ. ಇದರ ಉಷ್ಣತೆ 230 ಡಿಗ್ರಿಯನ್ನು ಮೀರದಂತೆ ಮಿತಿಗೊಳಿಸಿದ್ದಾರೆ.

ಇದರಿಂದ ಶ್ವಾಸಕೋಶಕ್ಕೆ ಏನು ಲಾಭ? ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಡೊನಾಲ್ಡ್ ಏಬ್ರಮ್ಸ್ ಮತ್ತು ಸಂಗಡಿಗರು 18 ಮಂದಿಯ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ವಿಧಾನಗಳಿಂದಲೂ ರಕ್ತ ಸೇರಿದ ಮಾದಕಾಂಶ ಹೆಚ್ಚು ಕಡಮೆ ಸಮನಾಗಿತ್ತು. ಆದರೆ ಉಸಿರಿನಲ್ಲಿನ ಇಂಗಾಲದ ಮಾನಾಕ್ಸೈಡು ಸೇದಿದವರಲ್ಲಿ ಏರಿತು, ಬಾಷ್ಪ ಕುಡಿದವರಲ್ಲಿ ಏರಲಿಲ್ಲವೆಂದೇ ಹೇಳಬಹುದು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕೆಮ್ಮು, ಕಫಗಳಿಂದ ಬಳಲುತ್ತಿದ್ದ 20 ಮಂದಿ ಒಂದು ತಿಂಗಳು ಬಾಷ್ಪಕವನ್ನು ಬಳಸಿದರು. ನಡುವೆ ನೆಗಡಿ ಮೊದಲಾದ ಶ್ವಾಸರೋಗ ತಗುಲದಿದ್ದ 12 ಮಂದಿಯಲ್ಲಿ ತೊಂದರೆ ತಗ್ಗಿತು. ಹೋಲಿಕೆಗೆ ಬೇರೊಂದು ಗುಂಪಿರಲಿಲ್ಲವಾದ್ದರಿಂದ ಇದನ್ನು ಸಿದ್ಧಾಂತವೆನ್ನಲು ನಾವು ಒಪ್ಪಲಾರೆವು. ಒಳ್ಳೆಯ ಸೂಚನೆಯೆನ್ನಲು ಅಡ್ಡಿಯಿಲ್ಲ.

ಬದಲಾಯಿಸಿದವರು ಎಡವುವುದು ಬೇರೆಡೆಯಲ್ಲಿ. ಉರಿಯುವ ಸುರುಳಿಯಲ್ಲಿ ಮಾದಕಾಂಶದ ಒಂದು ಪಾಲು ಸುಟ್ಟು ನಾಶವಾಗುತ್ತದೆ, ಇನ್ನೊಂದು ಪಾಲು ತುದಿಯಿಂದ ಸುಮ್ಮನೆ ಗಾಳಿಗೆ ಹೋಗುತ್ತದೆ. ಬಾಷ್ಪಕದಲ್ಲಿ ಈ ಪೋಲು ಕಡಮೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು ಅಪರೂಪಕ್ಕೆ ಬಳಸುವ 17 ಮಂದಿಗೆ ಒಂದೇ ಪ್ರಮಾಣವನ್ನು ಎರಡು ರೀತಿಯಲ್ಲೂ ಕೊಟ್ಟು ನೋಡಿದಾಗ, ಬಾಷ್ಪದಿಂದಲೇ ಅಮಲೂ ಚಿತ್ತಭ್ರಮಣೆಯೂ ಅಧಿಕವಾದುವೆಂದು 2018ರಲ್ಲಿ ವರದಿಮಾಡಿದರು. ಹಳೆಯ ಅಳತೆಯನ್ನೇ ತುಂಬಿದವನು ತಲೆಸುತ್ತು, ಎದೆಬಡಿತ, ದಿಗಿಲುಗಳಿಗೆ ಈಡಾದರೆ ಆಶ್ಚರ್ಯವಿಲ್ಲ. ಕಣ್ಣಿಗೆ ಕಾಣುವ ಹೊಗೆಯಿಂದ ಪ್ರಮಾಣವನ್ನು ಅಳೆಯುವ ಅಭ್ಯಾಸವೂ ಇಲ್ಲಿ ನಡೆಯದು; ಆವಿ ತೆಳುವಾಗಿ ತೋರಿದಾಗಲೂ ಬಲವಾಗಿರಬಹುದು. ಮತ್ತೆ, ಉಳಿದ ಕಂದು ಪುಡಿ ಬೂದಿಯಲ್ಲ. ಅದರಲ್ಲಿ ಮಾದಕಾಂಶ ಇನ್ನೂ ಇರುತ್ತದೆ, ಮಕ್ಕಳ ಕೈಗೆ ಸಿಕ್ಕಬಾರದು.

ಯೂರೋಪಿನಲ್ಲಿ ಸುರುಳಿಗೆ ತಂಬಾಕು ಬೆರೆಸುವ ವಾಡಿಕೆ ಹೆಚ್ಚು. ಅಂಥವರು ಬಾಷ್ಪಕಕ್ಕೆ ಬಂದಾಗ ಏನೋ ಕೊರತೆಯೆಂದು ಚಡಪಡಿಸುತ್ತಾರೆ. ಆ ಕೊರತೆ ಗಾಂಜಾದ್ದಲ್ಲ, ನಿಕೊಟೀನಿನದು.

ಎಣ್ಣೆ ತುಂಬಿದ ಕೊಳವೆಗಳ ವಿಚಾರವೇ ಬೇರೆ. ಅಮೆರಿಕದಲ್ಲಿ 2019ರಲ್ಲಿ ಹಬ್ಬಿ, 2020ರ ಫೆಬ್ರವರಿಯೊಳಗೆ 2,800ಕ್ಕೂ ಮಿಕ್ಕಿ ಜನರನ್ನು ಆಸ್ಪತ್ರೆಗೆ ಸೇರಿಸಿ 68 ಮಂದಿಯನ್ನು ಬಲಿತೆಗೆದುಕೊಂಡ ಶ್ವಾಸಕೋಶದ ವ್ಯಾಧಿಗೆ ಅಂಥ ಎಣ್ಣೆಗೆ ಬೆರೆಸಿದ ವಿಟಮಿನ್ ಈ ಅಸಿಟೇಟ್ ಬಲವಾದ ಕಾರಣವೆಂದು ಗೊತ್ತಾಯಿತು. ಒಣಹೂವಿನ ಬಾಷ್ಪಕದಲ್ಲಿ ಈ ವಸ್ತುವಿಲ್ಲ.

ಹೊಗೆ ಹೋದರೂ ಮಾದಕಾಂಶ ಹೋಗಲಿಲ್ಲವೆಂಬುದನ್ನು ಮಾರಾಟಗಾರರು ಮೆಲ್ಲಗೆ ಹೇಳುತ್ತಾರೆ. ಚಟಕ್ಕೆ ಬೀಳುವುದು, ವಾಹನ ನಡೆಸುವಾಗಿನ ಮಂಕು, ಎಳೆಯ ಮೆದುಳಿಗೂ ಮನೋರೋಗದ ಒಲವುಳ್ಳವರಿಗೂ ಇರುವ ಅಪಾಯ ಇವೊಂದೂ ಉಷ್ಣತೆಯನ್ನು ಇಳಿಸಿದ್ದರಿಂದ ಇಳಿಯವು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಹೊರಗೆ 25 ಗ್ರಾಂವರೆಗೆ ಇಟ್ಟುಕೊಳ್ಳಲು ಅನುಮತಿಯಿದೆ. ನಮ್ಮ ದೇಶದ 1985ರ ಮಾದಕದ್ರವ್ಯ ಕಾಯಿದೆಯಾದರೋ ಹೂತೆನೆಯನ್ನೇ ಗಾಂಜಾ ಎಂದು ಹೆಸರಿಸಿ ನಿಷೇಧಿಸಿದೆ. ಅದನ್ನು ಸುಟ್ಟರೋ ಕಾಯಿಸಿದರೋ ಎಂದು ಕೇಳುವುದಿಲ್ಲ.