ಭಾವಚಿತ್ರದ ಗುಣ–ದೋಷ: ಹೇಳುವ ಬಗೆ, ಕೇಳುವ ಬಗೆ

ಹವ್ಯಾಸಿಯೊಬ್ಬರು ತಾವು ತೆಗೆದ ಭಾವಚಿತ್ರವನ್ನು ಮುಂದಿಟ್ಟು "ಹೇಗಿದೆ?" ಎಂದರೆ ಬರುವ ಉತ್ತರ ಸಾಮಾನ್ಯವಾಗಿ ಎರಡೇ: "ಸೂಪರ್" ಇಲ್ಲವೇ "ಏನೋ ಸರಿ ಬಂದಿಲ್ಲ". ಎರಡರಿಂದಲೂ ಮುಂದಿನ ಚಿತ್ರ ಸುಧಾರಿಸುವುದಿಲ್ಲ. ಹೂವು, ಹಕ್ಕಿಗಳ ಚಿತ್ರಕ್ಕಿಲ್ಲದ ತೊಡಕೊಂದು ಭಾವಚಿತ್ರಕ್ಕಿದೆ. ಇಲ್ಲಿ ಕ್ಯಾಮೆರಾ ಹಿಡಿದವರ ಕೆಲಸವೂ ಅದರ ಮುಂದೆ ಕೂತವರ ಕೆಲಸವೂ ಬೆರೆತಿರುತ್ತವೆ. ನೋಡುವವರ ಗಮನ ಮೊದಲು ಹೋಗುವುದು ಮಾಡೆಲ್‌ನ ಚೆಲುವಿನ ಕಡೆಗೆ. ಬೆಳಕು, ಚೌಕಟ್ಟುಗಳ ಮಾತು ಹಿಂದೆ ಬೀಳುತ್ತದೆ. ಆದ್ದರಿಂದ ಈ ಅಧ್ಯಾಯದ ಸೂತ್ರ ಒಂದೇ: ಚಿತ್ರ ತೆಗೆದವರ ಕೈಯಲ್ಲಿ ಬದಲಿಸಲು ಆಗುವಂಥದ್ದನ್ನು ಹೇಳಿ, ಅಂಥದ್ದನ್ನೇ ಕೇಳಿ ಪಡೆಯಿರಿ.

ಮೂಗೋ, ದೂರವೋ?

"ಮೂಗು ದಪ್ಪ ಕಾಣ್ತಿದೆ" ಎಂಬ ಮಾತು ಮಾಡೆಲ್‌ಗೆ ಚುಚ್ಚುತ್ತದೆ. ಆದರೆ ಬಹಳ ಸಲ ದೋಷ ಇರುವುದು ಕ್ಯಾಮೆರಾ ನಿಂತ ಜಾಗದಲ್ಲಿ. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು. ಚೌಕಟ್ಟಿನ ತುಂಬ ಮುಖ ಬರಬೇಕೆಂದರೆ ತೀರಾ ಹತ್ತಿರ ಹೋಗಬೇಕು. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂ.ಮೀ. ಅಂತರವಿದೆ ಎನ್ನೋಣ. 40 ಸೆಂ.ಮೀ. ದೂರದಿಂದ ತೆಗೆದರೆ ಕಿವಿಗೆ ಹೋಲಿಸಿದಾಗ ಮೂಗು ಶೇ. 30ರಷ್ಟು ಹಿಗ್ಗಿ ಕಾಣುತ್ತದೆ. ಒಂದೂವರೆ ಮೀಟರ್ ದೂರಕ್ಕೆ ಸರಿದರೆ ಈ ಹಿಗ್ಗು ಶೇ. 8ಕ್ಕೆ ಇಳಿಯುತ್ತದೆ. ಹಿಂದೆ ಸರಿದು ಜೂಮ್ ಮಾಡುವುದು, ಅಥವಾ 85 ಮಿ.ಮೀ. ಆಸುಪಾಸಿನ ಲೆನ್ಸ್ ಹಾಕುವುದು ಇದಕ್ಕಾಗಿಯೇ. ಹಾಗಾಗಿ "ಇನ್ನೆರಡು ಹೆಜ್ಜೆ ಹಿಂದೆ ನಿಂತು ತೆಗೆದು ನೋಡಿ" ಎಂದರೆ ಯಾರಿಗೂ ನೋವಿಲ್ಲ, ಕೆಲಸವೂ ಆಗುತ್ತದೆ.

"ಒಂದು ಕಣ್ಣು ಮಸುಕಾಗಿದೆ" ಎಂಬುದಕ್ಕೂ ಹೀಗೆಯೇ ಲೆಕ್ಕವಿದೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸನ್ನು ಎಫ್/1.8ರಲ್ಲಿಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚುಕಡಿಮೆ ಮೂರೂವರೆ ಸೆಂ.ಮೀ. ಮಾತ್ರ. ಮಾಡೆಲ್ ಮುಖ ಓರೆ ಮಾಡಿದ ಕೂಡಲೇ ಆಚೆ ಕಣ್ಣು ಆ ಗೆರೆ ದಾಟಿಬಿಡುತ್ತದೆ. ಎಫ್/5.6ಕ್ಕೆ ಇಳಿಸಿದರೆ ಸುಮಾರು 10 ಸೆಂ.ಮೀ. ಆಳ ಸಿಗುತ್ತದೆ. ಆಚೆ ಕಣ್ಣು ಮಸುಕಾದರೂ ನಡೆದೀತು, ಈಚೆ ಕಣ್ಣು ಮಸುಕಾದರೆ ಚಿತ್ರ ಕೈಬಿಟ್ಟಂತೆ. ವಿಮರ್ಶಿಸುವವರು ಮೊದಲು ನೋಡಬೇಕಾದದ್ದು ಇದನ್ನು.

ಒಂದು ಚಿತ್ರ ಹಿಡಿದು

ಒಂದು ಚಿತ್ರ ಎದುರಿಗಿದೆ ಎನ್ನಿ. ಮಧ್ಯಾಹ್ನ, ಹೊಂಗೆ ಮರದಡಿ ನಿಂತ ಯುವತಿ. ನಗು ಸಹಜವಾಗಿದೆ. ಆದರೆ ಕಣ್ಣಿನ ಗುಳಿಗಳಲ್ಲಿ ಕಪ್ಪು ಕಟ್ಟಿದೆ, ಕೆನ್ನೆಗೆ ಎಲೆಗಳ ಹಸಿರು ಛಾಯೆ ಹತ್ತಿದೆ, ತಲೆಯ ಹಿಂದೆ ದೀಪದ ಕಂಬವೊಂದು ಕೊಂಬಿನಂತೆ ಎದ್ದಿದೆ, ಚೌಕಟ್ಟಿನ ಅಂಚು ಎಡಗೈಯನ್ನು ಮಣಿಕಟ್ಟಿಗೇ ಕತ್ತರಿಸಿದೆ.

"ಕಣ್ಣು ಡಲ್ ಆಗಿದೆ ಸರ್" ಎಂದು ಬಿಟ್ಟರೆ ಅದು ದೂರು. ಹೀಗೆ ಹೇಳಬಹುದು: "ಬೆಳಕು ನೆತ್ತಿಯಿಂದ ಬಿದ್ದಿದೆ, ಹಾಗಾಗಿ ಕಣ್ಣಲ್ಲಿ ಹೊಳಪಿನ ಚುಕ್ಕೆಯಿಲ್ಲ. ಅವರನ್ನು ನೆರಳಿನ ಅಂಚಿಗೆ ಕರೆದು ಬಯಲಿನ ಕಡೆ ಮುಖ ಮಾಡಿಸಿದ್ದರೆ ಬರುತ್ತಿತ್ತು. ಎದೆಮಟ್ಟಕ್ಕೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿದಿದ್ದರೂ ಸಾಕಿತ್ತು." ಕಂಡದ್ದೇನು, ಅದಕ್ಕೆ ಕಾರಣವೇನು, ಮಾಡಬಹುದಾದ್ದೇನು ಎಂಬ ಮೂರೂ ಈ ಮಾತಿನಲ್ಲಿವೆ.

ಜೊತೆಗೆ, ಇಂದೇ ಸರಿಪಡಿಸಬಹುದಾದ್ದನ್ನೂ ಮುಂದಿನ ಸಲಕ್ಕೆ ಉಳಿಯುವುದನ್ನೂ ಬೇರೆ ಮಾಡಿ ಹೇಳಿ. ಹಸಿರು ಛಾಯೆಯನ್ನು ಎಡಿಟಿಂಗ್‌ನಲ್ಲಿ ವೈಟ್ ಬ್ಯಾಲೆನ್ಸ್ ತಿದ್ದಿ ಬಹುಮಟ್ಟಿಗೆ ತೆಗೆಯಬಹುದು. ಕಂಬವನ್ನು ಅಳಿಸಲೂಬಹುದು, ಆದರೆ ತೆಗೆಯುವಾಗಲೇ ಒಂದು ಹೆಜ್ಜೆ ಪಕ್ಕಕ್ಕಿಟ್ಟಿದ್ದರೆ ಆ ಶ್ರಮವೇ ಇರುತ್ತಿರಲಿಲ್ಲ. ಚೌಕಟ್ಟಿಗೇ ಬಾರದ ಅಂಗೈ ಮಾತ್ರ ಮರಳಿ ಸಿಗದು. ಮುಂದಿನ ಸಲ ಇಡೀ ಕೈ ಬರುವಂತೆ ನೋಡಿಕೊಳ್ಳಬೇಕು, ಇಲ್ಲವೇ ಗಂಟಿನ ಜಾಗ ಬಿಟ್ಟು ತೋಳಿನ ನಡುವೆ ಕತ್ತರಿಸಬೇಕು. ಇನ್ನು ಆ ಸಹಜ ನಗು: ಅದು ಹೇಗೆ ಬಂತು, ಆಗ ಏನು ಮಾತಾಡುತ್ತಿದ್ದಿರಿ ಎಂದು ಕೇಳಿ. ಚೆನ್ನಾಗಿ ಬಂದದ್ದರ ಕಾರಣ ತಿಳಿದರೆ ಅದನ್ನು ಮತ್ತೆ ತರಬಹುದು.

ದೋಷವೋ, ಉದ್ದೇಶವೋ?

ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗೆ ಮಗಳು–ಅಳಿಯ ಕ್ಯಾಮೆರಾ ಉಡುಗೊರೆ ಕೊಟ್ಟದ್ದು 1863ರ ಕೊನೆಗೆ, ಅವರಿಗೆ 48 ವರ್ಷವಾಗಿದ್ದಾಗ. ಇಂಗ್ಲೆಂಡಿನ ವೈಟ್ ದ್ವೀಪದ ಮನೆಯ ಕೋಳಿಗೂಡನ್ನೇ ಸ್ಟುಡಿಯೊ ಮಾಡಿಕೊಂಡು ಮನೆಗೆಲಸದ ಮೇರಿ ಹಿಲಿಯರ್‌ಳಿಂದ ಹಿಡಿದು ಕವಿ ಟೆನಿಸನ್‌ವರೆಗೆ ಎಲ್ಲರನ್ನೂ ಕೂರಿಸಿದರು. ಆಗಿನ ಗಾಜಿನ ಫಲಕಕ್ಕೆ ಕೆಲವು ನಿಮಿಷಗಳ ಎಕ್ಸ್‌ಪೋಷರ್ ಬೇಕಿತ್ತು. ಕೂತವರು ಕೊಂಚ ಅಲುಗಿದರೂ ಅದು ಚಿತ್ರದಲ್ಲಿ ಮೂಡುತ್ತಿತ್ತು. ಫೋಟೊಗ್ರಫಿ ಪತ್ರಿಕೆಗಳು ಅವರ ಚಿತ್ರಗಳು ಮಸುಕೆಂದು, ಫಲಕದ ಮೇಲೆ ಕಲೆಗಳಿವೆಯೆಂದು ಜರಿದವು. ಅವೇ ಚಿತ್ರಗಳನ್ನು ವರ್ಣಚಿತ್ರಕಾರ ಜಿ. ಎಫ್. ವಾಟ್ಸ್ ಮೆಚ್ಚಿ ಹುರಿದುಂಬಿಸಿದರು; ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1865ರಲ್ಲಿ ಕೊಂಡಿತು.

ಕ್ಯಾಮರಾನ್ ಟೀಕೆಗಳನ್ನು ಸೋಸಿಕೊಂಡ ಬಗೆ ಗಮನಿಸಬೇಕಾದ್ದು. ಮೃದುವಾದ ಫೋಕಸ್ ತಮಗೆ ಬೇಕಾಗಿಯೇ ಬಂದದ್ದೆಂದು ಅದನ್ನು ಬಿಡಲಿಲ್ಲ. ಯಾವ ಫೋಕಸ್ ಸರಿ ಎಂದು ತೀರ್ಮಾನಿಸುವ ಹಕ್ಕು ಯಾರಿಗಿದೆ ಎಂದು ವಿಜ್ಞಾನಿ ಮಿತ್ರ ಜಾನ್ ಹರ್ಷೆಲ್‌ಗೆ ಬರೆದರು. ಆದರೆ ನೆಗೆಟಿವ್‌ಗಳ ಪದರ ಬಿರುಕು ಬಿಡತೊಡಗಿದಾಗ ಅದು ತಾವು ಬಯಸಿದ್ದಲ್ಲವಾದ್ದರಿಂದ, ಬಲ್ಲವರನ್ನು ಕಾರಣ ಕೇಳಿದರು. ಆದ್ದರಿಂದ ವಿಮರ್ಶೆಗೆ ಮೊದಲು ಒಂದು ಪ್ರಶ್ನೆ ಇರಲಿ: "ಇದರಲ್ಲಿ ನೀವು ಏನು ತೋರಿಸಲು ಹೊರಟಿರಿ?" ಉತ್ತರ ಗೊತ್ತಾದರೆ ನಮ್ಮ ಅಭಿರುಚಿಯನ್ನು ಬದಿಗಿಟ್ಟು ಅವರ ಗುರಿಯ ಅಳತೆಯಲ್ಲೇ ಚಿತ್ರ ನೋಡಬಹುದು.

ಕೇಳುವವರಿಗೆ

ಬೆಂಗಳೂರಿನಲ್ಲಿ 1971ರಲ್ಲಿ ಶುರುವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂಥ ಹವ್ಯಾಸಿ ಕೂಟಗಳಿಂದ ಅನೇಕರು ಸಲೋನ್‌ಗಳ, ಎಂದರೆ ಫೋಟೊ ಸ್ಪರ್ಧೆಗಳ, ಕಡೆ ಹೊರಳುತ್ತಾರೆ. ಸಲೋನ್‌ನಲ್ಲಿ ತೀರ್ಪುಗಾರರು ಚಿತ್ರಕ್ಕೆ ಕೆಲವೇ ಸೆಕೆಂಡುಗಳಲ್ಲಿ ಅಂಕ ಕೊಡುತ್ತಾರೆ. ಅಂಕದಿಂದ ಚಿತ್ರದ ಸ್ಥಾನ ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ. ಕಾರಣ ಬೇಕಿದ್ದವರು ಬಾಯಿಬಿಟ್ಟು ಕೇಳಬೇಕು. "ಹೇಗಿದೆ?" ಎನ್ನುವುದಕ್ಕಿಂತ "ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು?" ಎಂದು ಕೇಳುವುದು ಲೇಸು. ಮುಖಕ್ಕಿಂತ ಮೊದಲು ಕೆಂಪು ದುಪಟ್ಟಾ ಕಂಡಿತೆಂದು ಮೂವರು ಹೇಳಿದರೆ ನಂಬಿ. ಒಬ್ಬರೇ ಹೇಳಿದರೆ ಬರೆದಿಟ್ಟುಕೊಳ್ಳಿ. "ಅವತ್ತು ಮೋಡ ಇತ್ತು, ಟೈಮ್ ಇರಲಿಲ್ಲ" ಎಂದು ಸಮಜಾಯಿಷಿ ಕೊಡಲು ಹೊರಟರೆ ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ.

ಮಾಡೆಲ್‌ನ ಪಾಲು

ಚಿತ್ರವನ್ನು ಹತ್ತು ಜನರ ಮುಂದಿಡುವ ಮುನ್ನ ಅದರಲ್ಲಿರುವವರ ಒಪ್ಪಿಗೆ ಬೇಕು. ಅವರನ್ನೂ ಚರ್ಚೆಗೆ ಕರೆದರೆ ಇನ್ನೂ ಒಳ್ಳೆಯದು: "ಗದ್ದ ಕೆಳಗೆ ಮಾಡಿ ಅಂದ್ರಿ, ಕುತ್ತಿಗೆ ಬಿಗಿಯಾಯ್ತು" ಎಂಬಂಥ ಸುಳಿವು ಬೇರೆ ಯಾರಿಂದಲೂ ಬರುವುದಿಲ್ಲ. ಮೈಬಣ್ಣ, ಮೈಕಟ್ಟು ಚರ್ಚೆಯ ವಿಷಯಗಳಲ್ಲ. "ಸ್ವಲ್ಪ ಬೆಳ್ಳಗೆ ಮಾಡಿ" ಎಂಬ ಸಲಹೆಯನ್ನು ಅಲ್ಲೇ ತಡೆಯಿರಿ. ಕಂದು ಮೈಬಣ್ಣ ಕಳೆಗುಂದಿ ಕಂಡರೆ ಅದು ಎಕ್ಸ್‌ಪೋಷರ್ ಕಡಿಮೆಯಾದದ್ದು, ಇಲ್ಲವೇ ಬೆಳಕು ಚಪ್ಪಟೆಯಾದದ್ದು. ಪಕ್ಕದಿಂದ ಬೆಳಕು ಬಿಟ್ಟರೆ ಕೆನ್ನೆಯೆಲುಬಿನ ಮೇಲೆ ಹೊಳಪು ತಾನಾಗಿ ಮೂಡುತ್ತದೆ.

ಮಾಡಿ ನೋಡಿ

ನಿಮ್ಮದೇ ಒಂದು ಭಾವಚಿತ್ರ ಆರಿಸಿ, ಉದ್ದೇಶವನ್ನು ಒಂದು ಸಾಲಿನಲ್ಲಿ ಬರೆಯಿರಿ. ಮಾಡೆಲ್‌ನ ಒಪ್ಪಿಗೆ ಪಡೆದು ಮೂವರಿಗೆ ತೋರಿಸಿ. ಬಂದ ಮಾತುಗಳಲ್ಲಿ ಬೆಳಕು, ದೂರ, ಹಿನ್ನೆಲೆ, ಚೌಕಟ್ಟು, ಮಾಡೆಲ್‌ಗೆ ಕೊಟ್ಟ ಸೂಚನೆ ಇವಕ್ಕೆ ಸಂಬಂಧಿಸಿದ್ದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ಹೊಡೆದು ಹಾಕಿ. ಉಳಿದ ಪಟ್ಟಿಯಿಂದ ಒಂದೇ ಒಂದನ್ನು ಬದಲಿಸಿ, ಅದೇ ಜಾಗ, ಅದೇ ಹೊತ್ತಿನಲ್ಲಿ ಮತ್ತೆ ತೆಗೆಯಿರಿ. ಒಟ್ಟಿಗೆ ನಾಲ್ಕನ್ನು ಬದಲಿಸಿದರೆ ಯಾವ ಸಲಹೆ ಫಲಿಸಿತೆಂದು ಗೊತ್ತಾಗುವುದಿಲ್ಲ.